ಸತ್ತವಳನ್ನು ನಗಿಸಿದ್ದು

ಸತ್ತ ಮೇಲೆ ಬಾಯಿಂದ ಉಗಿ ಬರಬಾರದು. ಅವತ್ತು ನನ್ನ ಮುಂದಿದ್ದ ಮೊದಲ ಸಮಸ್ಯೆ ಅದು. ಮಂಚದ ಮೇಲೆ ಮಲಗಿದ್ದವರು ಕಣ್ಣು ಮುಚ್ಚಿ, ಕತ್ತು ವಾಲಿಸಿ, ಬಹಳ ಚೆನ್ನಾಗಿ ಸತ್ತಿದ್ದರು. ಆದರೆ ಐರ್ಲೆಂಡಿನ ಡಬ್ಲಿನ್ ಪಕ್ಕದ ಲೂಕನ್ನಿನ ಅಕ್ಟೋಬರ್ ಕೊನೆಯ ಚಳಿಗೆ ಅವರ ಮೂಗಿನಿಂದ ಸಣ್ಣಗೆ ಬಿಳಿ ಹೊಗೆ ಏಳುತ್ತಿತ್ತು. ಕಥೆಯ ಪ್ರಕಾರ ಅದು ಕ್ಯಾಲಿಫೋರ್ನಿಯಾದ ಆಸ್ಪತ್ರೆ. ಅಲ್ಲಿ ಬದುಕಿರುವವರ ಬಾಯಿಂದಲೂ ಉಗಿ ಬರುವುದಿಲ್ಲ.

ಮಲಗಿದ್ದವರು ಅಮೆರಿಕದ ಟೀವಿ ಧಾರಾವಾಹಿಯೊಂದರ ನಟಿ. ಹಗಲು ಹೊತ್ತಿನಲ್ಲಿ ಬರುವ, ದಶಕಗಳಿಂದ ಮುಗಿಯದೆ ನಡೆದಿರುವ ಧಾರಾವಾಹಿ ಅದು. ಅದರಲ್ಲಿ ಒಂದೇ ಪಾತ್ರವನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಮಾಡಿದ್ದರು. ಅಕ್ಕನಿಗೆ ಪಾರ್ಶ್ವವಾಯು ಬಡಿದಿದೆ ಎಂದು ಕೇಳಿ ನೋಡಲು ಬಂದವರು ಕೊರೊನಾ ಕಾಲದಲ್ಲಿ ಇಲ್ಲೇ ಉಳಿದುಬಿಟ್ಟರು. ಎಪ್ಪತ್ತು ದಾಟಿದ, ಶ್ವಾಸಕೋಶ ಅಷ್ಟು ಸರಿಯಿಲ್ಲದ ಹೆಂಗಸು ಈ ಸಮಯದಲ್ಲಿ ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದರು. ಅಕ್ಕ ಐರಿಷ್ ಗಂಡನನ್ನು ಮದುವೆಯಾಗಿ ಎಂದೋ ಇಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಆ ಅಕ್ಕನ ಮನೆಯೇ ನಮ್ಮ ಆಸ್ಪತ್ರೆ, ಅಕ್ಕನ ಮಂಚವೇ ಸಾಯುವ ಮಂಚ.

ನಾನು ಬೆಂಗಳೂರಿನಲ್ಲಿ ಕನ್ನಡ ಧಾರಾವಾಹಿಗಳ ಕಂಟಿನ್ಯುಟಿ ನೋಡುತ್ತಿದ್ದವಳು. ಹಿಂದಿನ ಶಾಟಿನಲ್ಲಿ ಅತ್ತೆಯ ಕಾಫಿ ಲೋಟ ಅರ್ಧ ಖಾಲಿಯಾಗಿದ್ದರೆ ಮುಂದಿನ ಶಾಟಿನಲ್ಲಿ ಅದು ತುಂಬಿ ತುಳುಕದಂತೆ ಕಾಯುವ ಕೆಲಸ. ಗಂಡನ ಜೊತೆ ಐರ್ಲೆಂಡಿಗೆ ಬಂದ ಮೇಲೆ ಯಾರ ಬಾಗಿಲು ತಟ್ಟಿದರೂ ‘ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲವಲ್ಲ’ ಎಂಬ ಮಾತೇ. ಆಮೇಲೆ ಮನೆಯಿಂದ ಐದು ಕಿಲೋಮೀಟರಿನಾಚೆ ಹೋಗಬಾರದೆಂಬ ನಿಯಮ ಬಂತು. ದೂರದಿಂದ ಯಾರೂ ಆ ಮನೆಗೆ ಬರಕೂಡದು ಎಂದು ಅಮೆರಿಕದ ಇನ್ಶೂರೆನ್ಸಿನವರು ಹಟ ಹಿಡಿದರು. ಅವರ ಪರವಾಗಿ ಡಬ್ಲಿನ್ನಿನ ಒಂದು ಶೂಟಿಂಗ್ ಕಂಪನಿ ಲೂಕನ್ನಿನಲ್ಲಿ ಸೆಟ್ ಗೊತ್ತಿರುವವರು ಯಾರಿದ್ದಾರೆ ಎಂದು ಹುಡುಕಿತು. ಸಿಕ್ಕಿದ್ದು ನಾನೊಬ್ಬಳು. ನನ್ನ ಪ್ರತಿಭೆ ಅಲ್ಲ, ನನ್ನ ಮನೆ ವಿಳಾಸ ನನಗೆ ಕೆಲಸ ಕೊಡಿಸಿತು.

ಕೊರಿಯರಿನಲ್ಲಿ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಕ್ಯಾಮೆರಾ ಆಗಿ ಕೆಲಸ ಮಾಡುವ ಎರಡು ಫೋನು, ಸ್ಟ್ಯಾಂಡು, ಮೈಕು, ಒಂದು ಪುಟ್ಟ ಲೈಟು. ಫೋನಿನಲ್ಲಿ ತೆಗೆದದ್ದರ ಚಿಕ್ಕ ನಕಲು ತಾನಾಗಿಯೇ ಆ ಕ್ಷಣ ಅಮೆರಿಕಕ್ಕೆ ಹೋಗುತ್ತಿತ್ತು, ಅಲ್ಲಿನವರು ನೋಡಿಕೊಳ್ಳಲಿ ಎಂದು. ಟೀವಿಯಲ್ಲಿ ಹಾಕಲು ಯೋಗ್ಯವಾದ ದೊಡ್ಡ ಫೈಲು ಫೋನಿನಲ್ಲೇ ಉಳಿಯುತ್ತಿತ್ತು. ಅದನ್ನು ನಾನು ಮನೆಗೆ ತಂದು, ನಮ್ಮ ಇಂಟರ್‌ನೆಟ್ಟಿನಿಂದ ಕಳಿಸಬೇಕು. ಅಕ್ಕನ ಮನೆಯ ಇಂಟರ್‌ನೆಟ್ಟು ಹರಟೆಗೆ ಸಾಕು, ಸಿನಿಮಾಕ್ಕೆ ಸಾಲದು.

ಮೊದಲ ದಿನ ಜಾಗ ನೋಡಲು ಹೋದಾಗ ನಟಿ ಹಿತ್ತಿಲ ಕಡೆಯ ಗಾಜಿನ ಬಾಗಿಲು ತೆರೆದು ಒಳಗೆ ನಿಂತರು, ನಾನು ಹೊರಗೆ ಹುಲ್ಲಿನ ಮೇಲೆ ನಿಂತೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದು, ನನಗೆ ಕೇಳಿಸಿದ ಧಾಟಿಯಲ್ಲಿ ಬರೆಯುತ್ತಿದ್ದೇನೆ. ಹೆಸರು ಹಿಡಿದು ಕರೆ ಎಂದರು. ನಮ್ಮಮ್ಮನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. ಕೊನೆಯವರೆಗೂ ಮ್ಯಾಮ್ ಎಂದೇ ಕರೆದೆ.

“ನೋಡಮ್ಮ, ನನ್ನನ್ನ ಈಗಾಗಲೇ ಎರಡು ಸಲ ಸಾಯಿಸಿದಾರೆ,” ಅಂದರು. “ಒಂದ್ಸಲ ದೋಣಿ ಮುಳುಗಿ, ಒಂದ್ಸಲ ಬೆಂಕಿ ಬಿದ್ದು. ಎರಡು ಸಲವೂ ಹೆಣ ಸಿಗಲಿಲ್ಲ.”

“ಹೆಣ ಸಿಗಲಿಲ್ಲ ಅಂದ್ರೆ ಸತ್ತಿಲ್ಲ,” ಅಂದೆ. ಇದು ನಮ್ಮಲ್ಲೂ ಶಾಸ್ತ್ರ. ನಮ್ಮಲ್ಲಾದರೆ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬೇರೆ ಮುಖದಲ್ಲಿ ವಾಪಸ್ ಬರುತ್ತಾರೆ.

ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ವಿಷಯ ಬಿಡಿಸಿ ಹೇಳಿದರು. ಪಾತ್ರ ಬದುಕಿರುವವರೆಗೆ ಸಂಸ್ಥೆ ಕರೆದಾಗ ಅವರು ಹೋಗಬೇಕೆಂಬ ಒಪ್ಪಂದವಿತ್ತು. ಎರಡು ಸಲವೂ ಅಕ್ಕನ ಹತ್ತಿರ ಬಂದು ನೆಲೆಸಲು ಹೊರಟಿದ್ದರು, ಎರಡು ಸಲವೂ ಸತ್ತವಳು ಎದ್ದು ಬಂದಳೆಂದು ಇವರೂ ವಾಪಸ್ ಹೋಗಬೇಕಾಯಿತು. ಈ ಸಲ ಹೇಗೋ ಒಪ್ಪಿಸಿದ್ದರು. ಪಾತ್ರ ಕ್ಯಾಮೆರಾದ ಮುಂದೆಯೇ, ಕಣ್ಣು ಮುಚ್ಚಿ, ಅನುಮಾನಕ್ಕೆ ಎಡೆಯಿಲ್ಲದಂತೆ ಸಾಯುತ್ತದೆ. ಶೂಟಿಂಗ್ ಸರಿಬರದಿದ್ದರೆ ಮಾತ್ರ ಬೇರೆ ಯೋಚನೆ. ಆಗ ಅವಳನ್ನು ಚಿಕಿತ್ಸೆಗೆಂದು ಸ್ವಿಟ್ಜರ್ಲೆಂಡಿಗೆ ಕಳಿಸಿದಂತೆ ಒಂದು ಮಾತು ತೇಲಿಸಿ, ರೋಗದ ಕಾಲ ಮುಗಿದ ಮೇಲೆ ವಾಪಸ್ ಕರೆಸುತ್ತಾರೆ.

“ನನ್ನನ್ನ ಚೆನ್ನಾಗಿ ಸಾಯಿಸು,” ಅಂದರು. “ಇಷ್ಟೇ ನಾನು ಕೇಳೋದು.”

ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಗಾಲಿಕುರ್ಚಿಯಲ್ಲಿ ಕೂತು ನಮ್ಮನ್ನೇ ನೋಡುತ್ತಿದ್ದರು. ಮಾತು ನಿಧಾನ, ಎಡಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ನಾನು ಹೇಗಿದ್ದೀರಿ ಎಂದು ಕೇಳಿದ್ದಕ್ಕೆ, ಚೆನ್ನಾಗಿದ್ದೇನೆ ಎಂಬ ಹಾಗೆ “ಗ್ರ್ಯಾಂಡ್” ಅಂದರು. ಇಲ್ಲಿ ಕಾಲು ಮುರಿದವರೂ ಗ್ರ್ಯಾಂಡ್ ಅನ್ನುತ್ತಾರೆ, ಲಾಟರಿ ಹೊಡೆದವರೂ ಗ್ರ್ಯಾಂಡ್ ಅನ್ನುತ್ತಾರೆ. ಅಲ್ಲಿಯವರೆಗೂ ಆ ಪದದಿಂದ ನನಗೆ ಏನೂ ತಿಳಿದಿರಲಿಲ್ಲ.

ಶೂಟಿಂಗಿನ ದಿನ ನಿಯಮ ಬಿಗಿಯಾಗಿತ್ತು. ನಟಿ ಇರುವ ಕೋಣೆಗೆ ನಾನು ಕಾಲಿಡುವಂತಿಲ್ಲ. ಅವರು ಒಳಕೋಣೆಗೆ ಹೋದಾಗ ನಾನು ಮಾಸ್ಕು, ಗ್ಲೌಸು ಹಾಕಿಕೊಂಡು ಬಂದು ಎಲ್ಲ ಜೋಡಿಸಿ ಮತ್ತೆ ಹೊರಗೆ ಹೋಗಬೇಕು. ಆಮೇಲೆ ತೆರೆದ ಗಾಜಿನ ಬಾಗಿಲ ಹೊರಗೆ, ಹಿತ್ತಿಲಲ್ಲಿ ನಿಂತು ಕ್ಯಾಮೆರಾ ನಡೆಸಬೇಕು. ನಿರ್ದೇಶಕರು ಅಮೆರಿಕದಲ್ಲಿ ಕೂತು ಲ್ಯಾಪ್‌ಟಾಪಿನ ವಿಡಿಯೋ ಕರೆಯಲ್ಲಿ ಆಜ್ಞೆ ಕೊಡುತ್ತಾರೆ.

ಐರ್ಲೆಂಡಿನ ಬೆಳಕನ್ನು ನಂಬಿದವರು ಕೆಟ್ಟರು. ಬಿಸಿಲು ಬಂತೆಂದು ಅಳತೆ ಮಾಡುವಷ್ಟರಲ್ಲಿ ಮೋಡ, ಮೋಡಕ್ಕೆ ಹೊಂದಿಸುವಷ್ಟರಲ್ಲಿ ತುಂತುರು, ಅದರ ಹಿಂದೆಯೇ ಮತ್ತೆ ಬಿಸಿಲು. ಸಾಯುತ್ತಿರುವವಳ ಒಂದು ವಾಕ್ಯದಲ್ಲಿ ಮೂರು ಕಾಲ ಕಂಡರೆ ಕಂಟಿನ್ಯುಟಿಯವಳು ನೇಣು ಹಾಕಿಕೊಳ್ಳಬೇಕು. ಬೆಳಕು ಹದವಾಗಲೆಂದು ಕಿಟಕಿಗೆ ಬಿಳಿ ಬಟ್ಟೆ ಕಟ್ಟಬೇಕಿತ್ತು. ಮನೆಯಿಂದ ನಮ್ಮವರ ಮದುವೆ ಪಂಚೆ ತಂದು ಕಟ್ಟಿದೆ. ಆ ಪಂಚೆಯ ಮೂಲಕ ಬಂದ ಬೆಳಕನ್ನು ನೋಡಿ ನಿರ್ದೇಶಕರು ಇದು ಯಾವ ಕಂಪನಿಯ ಬಟ್ಟೆ ಎಂದು ವಿಚಾರಿಸಿದರು.

ನಟಿಯ ಎದುರು ಮಾತಾಡುವ ಮಗಳ ಪಾತ್ರಧಾರಿ ಅಮೆರಿಕದಲ್ಲಿದ್ದಳು, ಅವಳ ಭಾಗವನ್ನು ಅಲ್ಲೇ ತೆಗೆದಾಗಿತ್ತು. ಇಲ್ಲಿ ಇವರು ಖಾಲಿ ಗಾಳಿಯನ್ನು ನೋಡಿ ಮಾತಾಡಬೇಕು. ದೃಷ್ಟಿ ಅಲ್ಲಾಡದಿರಲಿ ಎಂದು ನಾನು ಬಾಗಿಲ ಚೌಕಟ್ಟಿಗೆ ನನ್ನ ಹಣೆಯ ಬಿಂದಿ ತೆಗೆದು ಅಂಟಿಸಿದೆ. “ಇದೇ ನಿಮ್ಮ ಮಗಳು,” ಅಂದೆ. ಅವರು ಆ ಮೆರೂನ್ ಚುಕ್ಕಿಯನ್ನು ಒಂದು ಗಳಿಗೆ ದಿಟ್ಟಿಸಿ, “ಇವಳು ಆ ಹುಡುಗಿಗಿಂತ ಚೆನ್ನಾಗಿ ಆ್ಯಕ್ಟ್ ಮಾಡ್ತಾಳೆ,” ಅಂದರು.

ಶೂಟಿಂಗಿನ ಮೊದಲ ದಿನ ಪೂರ್ತಿ ಹಾಳಾಯಿತು, ಗಡಿಯಾರದಿಂದ. ಇಲ್ಲಿಗೂ ಅಲ್ಲಿಗೂ ಎಂಟು ಗಂಟೆಯ ಅಂತರ ಎಂದು ಲೆಕ್ಕ ಹಾಕಿಕೊಂಡಿದ್ದೆವು. ಐರ್ಲೆಂಡಿನಲ್ಲಿ ಚಳಿಗಾಲಕ್ಕೆಂದು ಗಡಿಯಾರ ಹಿಂದೆ ತಿರುಗಿಸಿ ಎರಡು ದಿನವಾಗಿತ್ತು, ಅಮೆರಿಕದವರು ಒಂದು ವಾರ ತಡವಾಗಿ ತಿರುಗಿಸುತ್ತಾರೆ. ಆ ಒಂದು ವಾರ ಅಂತರ ಏಳೇ ಗಂಟೆ. ನಿರ್ದೇಶಕರು ಲ್ಯಾಪ್‌ಟಾಪಿನಲ್ಲಿ ಪ್ರತ್ಯಕ್ಷರಾದಾಗ ನಟಿ ತಲೆಗೆ ರೋಲರ್ ಸುತ್ತಿಕೊಂಡು ಟೋಸ್ಟ್ ತಿನ್ನುತ್ತಿದ್ದರು, ನಾನು ಸ್ಟೂಲಿನ ಮೇಲೆ ನಿಂತು ಪಂಚೆ ಕಟ್ಟುತ್ತಿದ್ದೆ. ಯಾರು ಬೇಗ, ಯಾರು ತಡ ಎಂದು ಬಗೆಹರಿಯುವಷ್ಟರಲ್ಲಿ ನಿರ್ದೇಶಕರು ಇನ್ನೊಂದು ಶೂಟಿಂಗಿಗೆ ಹೋದರು. ವಾಪಸ್ ಬಂದಾಗ ನಮ್ಮ ಹಿತ್ತಿಲಲ್ಲಿ ಕತ್ತಲಾಗಿತ್ತು.

ಎರಡನೇ ದಿನದ ಸಮಸ್ಯೆಯೇ ಉಗಿ. ಬಾಗಿಲು ತೆರೆದೇ ಇರಬೇಕು, ಹೀಟರ್ ಹಾಕಿದರೆ ಬಾಯ್ಲರಿನ ಗುರುಗುಟ್ಟುವ ಸದ್ದು ಮೈಕಿಗೆ ಬೀಳುತ್ತದೆ. ಕೋಣೆ ಫ್ರಿಜ್ಜಿನಂತಾಗಿತ್ತು. ಎರಡು ಟೇಕು ಉಗಿಯಿಂದಲೇ ಹೋದವು. “ಹೀಗಾದರೆ ಸ್ವಿಟ್ಜರ್ಲೆಂಡೇ ಗತಿ,” ಎಂದು ನಿರ್ದೇಶಕರು ನಿಟ್ಟುಸಿರಿಟ್ಟರು. ನಟಿ ಧಡಕ್ಕನೆ ಎದ್ದು ಕೂತು ಅಡುಗೆಮನೆಯತ್ತ ಕೂಗಿದರು, “ಫ್ರೀಜರಿಂದ ಐಸ್ ಕೊಡೇ!” ಅಕ್ಕ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ಒಂದೇ ಕೈಯಲ್ಲಿ ಐಸಿನ ಟ್ರೇಯನ್ನು ಮಡಿಲಲ್ಲಿಟ್ಟು ತಂದರು. ಬಾಯಲ್ಲಿ ಐಸ್ ಇಟ್ಟುಕೊಂಡು ಉಸಿರು ತಣ್ಣಗಾದರೆ ಉಗಿ ಕಾಣುವುದಿಲ್ಲವಂತೆ. ಚಳಿಗಾಲದಲ್ಲಿ ಬೇಸಿಗೆಯ ದೃಶ್ಯ ಮಾಡಿದವರ ಹಳೇ ಉಪಾಯ.

ಮೂರನೇ ಟೇಕಿಗೆ ಮೊದಲು ಐಸ್ ಚೀಪಿ, ತುಂಡನ್ನು ಬಟ್ಟಲಿಗೆ ಉಗುಳಿ, ಮಲಗಿದರು. ಬಿಂದಿಯನ್ನು ನೋಡಿ ನಾಲ್ಕು ಮಾತಾಡಿದರು. ಮಗಳಿಗೆ ಕ್ಷಮೆ ಕೇಳುವ ಮಾತು, ಬರೆದವರು ಅದರಲ್ಲಿ ಏನೂ ವಿಶೇಷ ಬರೆದಿರಲಿಲ್ಲ. ಆದರೆ ಮಾತು ಮುಗಿದ ಮೇಲೆ ಅವರ ಕಣ್ಣು ಚುಕ್ಕಿಯಿಂದ ಮೆಲ್ಲಗೆ ಜಾರಿ, ಎಲ್ಲೂ ನಿಲ್ಲದೆ, ಮುಚ್ಚಿಕೊಂಡಿತು. ಅಮೆರಿಕದಿಂದ “ಕಟ್. ಇದೇ. ಇದೇ,” ಎಂದು ಕೇಳಿಸಿತು. ನಾನು ಬಟನ್ ಒತ್ತಿ ನಿಲ್ಲಿಸಿದೆ. ನಿರ್ದೇಶಕರು ಎಲ್ಲರಿಗೂ ವಂದನೆ ಹೇಳಿ ಕರೆಯಿಂದ ಹೊರಟುಹೋದರು.

ನಟಿ ಏಳಲಿಲ್ಲ. ಹಾಗೇ ಮಲಗಿದ್ದರು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಸೆಟ್ಟುಗಳಲ್ಲಿ ಯಾರಾದರೂ ಹೆಣವಾಗಿ ಮಲಗಿದರೆ, ಆ ಶಾಟ್ ಮುಗಿದೊಡನೆ ಅವರನ್ನು ಎಬ್ಬಿಸಿ, ಕ್ಯಾಮೆರಾ ನೋಡಿ ನಗಿಸಿ, ಅದನ್ನೂ ತೆಗೆಯುತ್ತೇವೆ. ಸಾವು ಕೊನೆಯ ಶಾಟ್ ಆಗಬಾರದು. ನಂಬಿಕೆಯೋ ಅಭ್ಯಾಸವೋ, ಇದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ದೇವರು ದಿಂಡರು ಎಂದರೆ ಮೂಗು ಮುರಿಯುವ ಕ್ಯಾಮೆರಾಮನ್ ಕೂಡ ಇದಕ್ಕೆ ಮಾತ್ರ ತಕರಾರಿಲ್ಲದೆ ಮತ್ತೆ ಕ್ಯಾಮೆರಾ ಓಡಿಸುತ್ತಾನೆ. ಆ ಶಾಟ್ ಎಡಿಟಿಂಗಿಗೆ ಹೋಗುವುದಿಲ್ಲ. ಕಂಟಿನ್ಯುಟಿಯವಳು ಅದನ್ನು ಬೇಡದ್ದು ಎಂದು ಗುರುತು ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು.

ಕಾಲವೂ ಅಂಥದ್ದು. ದಿನಾ ಸಂಜೆ ಸುದ್ದಿಯಲ್ಲಿ ಸತ್ತವರ ಲೆಕ್ಕ ಓದುತ್ತಿದ್ದರು. ಶ್ವಾಸಕೋಶ ಸರಿಯಿಲ್ಲದ ಎಪ್ಪತ್ತರ ಹೆಂಗಸು, ಅದೂ ಕಾಯಿಲೆಯ ಮಂಚದ ಮೇಲೆ, ಅಲ್ಲಾಡದೆ ಮಲಗಿದ್ದರು. ನನಗೆ ಭಯವಾಯಿತು. ಬಟನ್ ಮತ್ತೆ ಒತ್ತಿದೆ.

“ಮ್ಯಾಮ್, ಎದ್ದು ಕೂತ್ಕೊಳಿ. ಕ್ಯಾಮೆರಾ ನೋಡಿ ಒಂದ್ಸಲ ನಕ್ಕುಬಿಡಿ. ಪ್ಲೀಸ್.”

ಅವರು ಕಣ್ಣು ತೆರೆದರು. ಯಾಕೆ ಎಂದು ಕೇಳಲಿಲ್ಲ. ದಿಂಬಿನಿಂದ ತಲೆ ಎತ್ತಿ, ನೇರ ಕ್ಯಾಮೆರಾ ನೋಡಿ ನಕ್ಕರು. ಬಾಯಿಂದ ಭುಸ್ಸೆಂದು ಬಿಳಿ ಉಗಿ ಬಂತು, ಅದಕ್ಕೂ ನಕ್ಕರು. ನಾನು ಹೊರಗಿನಿಂದಲೇ ಕೈಬೆರಳು ನೆಟಿಕೆ ಮುರಿದು ದೃಷ್ಟಿ ತೆಗೆದೆ. ಅಕ್ಕ ಅಡುಗೆಮನೆಯಿಂದ ಏನೋ ಅಂದರು, ನನಗೆ ಅರ್ಥವಾಗಲಿಲ್ಲ. ಮನೆಗೆ ಹೊರಟಾಗ ನಾನು ಬಹಳ ಖುಷಿಯಲ್ಲಿದ್ದೆ.

ಮರುದಿನ ಮಧ್ಯಾಹ್ನ ಅಮೆರಿಕದಿಂದ ಫೋನು ಬಂತು. ಧಾರಾವಾಹಿಯ ಕಥಾವಿಭಾಗದ ಮುಖ್ಯಸ್ಥೆ. ನಾನೊಬ್ಬ ಜೀನಿಯಸ್ ಅಂದಳು. ಸಾವಿನ ದೃಶ್ಯವನ್ನು ಹೊಗಳುತ್ತಿದ್ದಾಳೆಂದು ನಾನು ಪಂಚೆಯ ಬಗ್ಗೆ, ಐಸಿನ ಬಗ್ಗೆ ವಿನಯದಿಂದ ವಿವರಿಸತೊಡಗಿದೆ. ಅವಳು ಮಧ್ಯೆ ತಡೆದು, “ಅಲ್ಲಲ್ಲ, ಆ ನಗು! ಆ ನಗು ಯಾರ ಐಡಿಯಾ?” ಎಂದಳು. ನನಗೆ ಒಂದು ಕ್ಷಣ ಯಾವ ನಗು ಎಂದೇ ಹೊಳೆಯಲಿಲ್ಲ. ಆ ಶಾಟಿನ ಚಿಕ್ಕ ನಕಲೂ ಉಳಿದವುಗಳ ಜೊತೆ ತಾನಾಗಿಯೇ ಅವರಿಗೆ ಹೋಗಿತ್ತು. ಅದು ನನ್ನ ತಲೆಗೆ ಬಂದೇ ಇರಲಿಲ್ಲ.

ಅವರು ಅದನ್ನು ನೋಡಿ ರಾತ್ರೋರಾತ್ರಿ ಕಥೆ ತಿರುಗಿಸಿದ್ದರು. ಸಾವು ಇರುತ್ತದೆ. ಶವಸಂಸ್ಕಾರವೂ ಇರುತ್ತದೆ. ಎಲ್ಲರೂ ಅತ್ತು ಮನೆಗೆ ಹೋದ ಮೇಲೆ ಆಸ್ಪತ್ರೆಯ ಕೋಣೆ ತೋರಿಸುತ್ತಾರೆ. ಸತ್ತವಳು ಕಣ್ಣು ತೆರೆದು, ನೋಡುಗರನ್ನೇ ನೋಡಿ ನಗುತ್ತಾಳೆ. ಹಾಗಾದರೆ ಹೂಳಿದ್ದು ಯಾರನ್ನು? ಉತ್ತರ ಮುಂದಿನ ವರ್ಷ, ನಟಿ ಅಮೆರಿಕಕ್ಕೆ ವಾಪಸ್ ಬಂದ ಮೇಲೆ. “ನಗುವಿನ ದೊಡ್ಡ ಫೈಲು ಇವತ್ತು ಸಂಜೆಯೊಳಗೆ ಕಳಿಸಿಬಿಡಿ,” ಎಂದು ಹೇಳಿ ಫೋನಿಟ್ಟಳು.

ಗಣೇಶನನ್ನು ಮಾಡು ಎಂದರೆ ಅವರಪ್ಪನನ್ನು ಮಾಡಿದ ಗಾದೆ ಕೇಳಿದ್ದೆ. ಆದರೆ ಇಲ್ಲಿ ನಾನು ಏನು ಮಾಡಿದ್ದೇನೆ ಎಂದೇ ನನಗೆ ಸರಿಯಾಗಿ ಗೊತ್ತಾಗಲಿಲ್ಲ. ಸಾವು ಅಂಟದಿರಲಿ ಎಂದು ಮಾಡಿಸಿದ ಶಾಟ್, ಸಾಯಬೇಕಾದವಳನ್ನು ಸಾಯಲು ಬಿಡದೆ ಕೂತಿತ್ತು. ಒಳ್ಳೆಯದಾಗಲಿ ಎಂದು ಮಾಡಿದ್ದು ಆ ಹೆಂಗಸಿನ ಕಾಲಿಗೇ ಸುತ್ತಿಕೊಂಡಿತ್ತು.

ನಟಿಗೆ ಫೋನ್ ಮಾಡಿದೆ. ಅವರಿಗೆ ಸುದ್ದಿ ಮುಟ್ಟಿತ್ತು.

“ಯಾಕೆ ನಗು ಅಂದೆ?” ಎಂದು ಕೇಳಿದರು. ನಾನು ನಮ್ಮ ಪದ್ಧತಿ ಹೇಳಿದೆ, ತಡವರಿಸುತ್ತಾ, ಅರ್ಧ ಅಳುತ್ತಾ.

“ಹೌದಾ,” ಅಂದರು. “ನಾನು ಬೇರೆ ಏನೋ ಅಂದ್ಕೊಂಡೆ. ನಿನ್ನ ಮುಖದಲ್ಲಿ ಗಾಬರಿ ಇತ್ತು. ಪಾಪ, ಹುಡುಗಿ ಹೆದರಿದಾಳೆ ಅಂತ ನಕ್ಕೆ.”

“ನೀವು ಬೇಡ ಅಂತ ಹೇಳೋಕಾಗಲ್ವಾ ಮ್ಯಾಮ್?”

“ವೇಷ ಹಾಕ್ಕೊಂಡು ಕ್ಯಾಮೆರಾ ಮುಂದೆ ಏನು ಮಾಡಿದ್ರೂ ಅದು ಅವರದು. ಅಕ್ಷಿ ಅಂತ ಸೀನಿದ್ರೂ ಅಷ್ಟೇ.”

ಸಂಜೆಗೆ ಮುಂಚೆ ವಿಡಿಯೋ ಸಭೆ ಕರೆಯಿರಿ ಎಂದು ನಾನೇ ಕೇಳಿಕೊಂಡೆ. ಮುಖ್ಯಸ್ಥೆ, ನಿರ್ದೇಶಕ, ನಟಿ, ನಾನು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅದು ಅಭಿನಯ ಅಲ್ಲ, ಪಾತ್ರ ಅಲ್ಲ, ಅದು ನಾವು ಮನುಷ್ಯರಿಗೆ ಮಾಡುವ ಒಂದು ಶಾಸ್ತ್ರ, ಅದನ್ನು ತೋರಿಸಬಾರದು ಎಂದೆ. ಮುಖ್ಯಸ್ಥೆ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

“ಎಷ್ಟು ಸುಂದರ! ನಿಮ್ಮ ಸಂಸ್ಕೃತಿಯನ್ನ ನಾವು ಗೌರವಿಸ್ತೀವಿ,” ಎಂದಳು. “ಕೊನೆಯಲ್ಲಿ ನಿಮ್ಮ ಹೆಸರು ಹಾಕ್ತೀವಿ.”

ಬೇರೆ ದಾರಿ ಕಾಣದೆ ನನ್ನ ಕಸುಬಿನ ಮಾತು ತೆಗೆದೆ. “ನಗೋವಾಗ ಬಾಯಿಂದ ಉಗಿ ಬಂದಿದೆ. ಸಾಯೋವಾಗ ಉಗಿ ಇಲ್ಲ. ಮ್ಯಾಚ್ ಆಗಲ್ಲ.”

“ಅದನ್ನ ಕಂಪ್ಯೂಟರಲ್ಲಿ ಅಳಿಸಬಹುದು,” ಎಂದರು ನಿರ್ದೇಶಕರು. ಅವರು ಒಳ್ಳೆಯವರು, ಹೇಳುವಾಗ ನಟಿಯ ಮುಖ ನೋಡಲಿಲ್ಲ. “ಉಸಿರು ತಾನೇ.”

ನಟಿ ಪರದೆಯ ತಮ್ಮ ಚೌಕದಲ್ಲಿ ನೆಟ್ಟಗೆ ಕೂತಿದ್ದರು. ಏನಾದರೂ ಹೇಳುವುದಿದೆಯೇ ಎಂದು ಮುಖ್ಯಸ್ಥೆ ಕೇಳಿದಾಗ, “ಇಲ್ಲ, ಗ್ರ್ಯಾಂಡ್,” ಅಂದರು. ಅಕ್ಕನಿಂದ ಕಲಿತಿರಬೇಕು. ನನಗೆ ಆ ಪದ ಮೊದಲ ಬಾರಿಗೆ ಪೂರ್ತಿ ಅರ್ಥವಾಯಿತು.

ಸಭೆ ಮುಗಿದ ಮೇಲೆ ಮತ್ತೆ ನಾನೇ ಫೋನ್ ಮಾಡಿದೆ. ದೊಡ್ಡ ಫೈಲು ಇನ್ನೂ ನನ್ನ ಹತ್ತಿರವೇ ಇದೆ ಎಂದೆ. ಚಿಕ್ಕ ನಕಲು ಟೀವಿಗೆ ಹಾಕುವಷ್ಟು ಚೆನ್ನಾಗಿರುವುದಿಲ್ಲ ಎಂದೂ ಹೇಳಿದೆ. ಮುಂದಿನ ಪ್ರಶ್ನೆ ಕೇಳುವ ಮೊದಲೇ ಅವರು ತಡೆದರು.

“ಕೇಳಬೇಡ,” ಅಂದರು. “ನೀನು ಕೇಳಿದ್ರೆ ನಾನು ಉತ್ತರ ಹೇಳಬೇಕಾಗತ್ತೆ. ಹೇಳಿದ್ರೆ ಒಪ್ಪಂದ ಮುರಿದ ಹಾಗೆ.” ಫೋನ್ ಇಟ್ಟರು.

ನಮ್ಮವರು ಊಟದ ಮೇಜಿನ ಮೇಲೆ ಎರಡು ಪರದೆ ಹರಡಿಕೊಂಡು ಆಫೀಸು ಮಾಡುತ್ತಿದ್ದರು. ನಾನು ಅವರ ಎದುರಿಗೆ ಫೋನಿನ ಪೆಟ್ಟಿಗೆ ಇಟ್ಟುಕೊಂಡು ಕೂತೆ.

“ರೀ, ಒಂದು ಫೈಲ್ ಡಿಲೀಟ್ ಮಾಡಿಬಿಡ್ಲಾ?”

“ಬ್ಯಾಕಪ್ ಇದೆಯಾ?”

“ಇರಬಾರದು ಅಂತಾನೇ ಡಿಲೀಟ್ ಮಾಡೋದು.”

ಅವರು ಹೆಡ್‌ಫೋನ್ ತೆಗೆದರು. “ತಲೆ ಕೆಟ್ಟಿದೆಯೇನೇ? ಲೋಕಲ್ ಎಕ್ಸ್‌ಪೀರಿಯನ್ಸ್ ಅಂತ ಸಿಕ್ಕಿರೋದೇ ಇದೊಂದು. ಹೋಯ್ತು ಅಂದ್ರೆ ಇನ್ಯಾರು ಕರೀತಾರೆ ನಿನ್ನ? ಆ ಅಜ್ಜಿ ಬಾಯಿಬಿಟ್ಟು ಕೇಳಿದ್ರಾ?”

“ಇಲ್ಲ.”

“ಮತ್ತೆ?”

ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಕೂತಿದ್ದೆ. ಸೆಟ್ಟಿನಲ್ಲಿ ಬೆಳೆದವರಿಗೆ ತೆಗೆದದ್ದನ್ನು ಅಳಿಸುವುದು ಮಹಾಪಾಪ. ಚಿತ್ರ ಯಾರದ್ದೋ, ಶ್ರಮ ಯಾರದ್ದೋ, ಅಳಿಸಲು ನಾನು ಯಾರು? ಇನ್ನೊಂದು ಕಡೆ ಅದೇ ಸೆಟ್ಟು ನನಗೆ ಕಲಿಸಿದ್ದು, ಆ ನಗು ಎಡಿಟಿಂಗಿಗೆ ಹೋಗಕೂಡದು ಎಂದು. ಯಾವುದು ದೃಶ್ಯದ ಒಳಗಿನದು, ಯಾವುದು ಹೊರಗಿನದು ಎಂದು ಹೇಳುವುದೇ ಅಲ್ಲವೇ ಕಂಟಿನ್ಯುಟಿಯವಳ ಕೆಲಸ? ಆ ಶಾಟಿನಲ್ಲಿ ನಕ್ಕದ್ದು ಪಾತ್ರವಲ್ಲ. ಗಾಬರಿಯಾದ ಹುಡುಗಿಯನ್ನು ಸಮಾಧಾನ ಮಾಡಲು ಒಬ್ಬ ಹೆಂಗಸು ನಕ್ಕಿದ್ದರು. ಇದು ನ್ಯಾಯವೋ, ನನಗೆ ಬೇಕಾದಂತೆ ನಾನು ಹೊಸೆದುಕೊಂಡ ಸಬೂಬೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಅಳಿಸಿದೆ. ಉಳಿದ ಎಲ್ಲ ಟೇಕುಗಳನ್ನೂ, ಉಗಿ ಬಂದು ಕೆಟ್ಟವುಗಳನ್ನೂ ಸೇರಿಸಿ, ಕಳಿಸಿದೆ. ಜೊತೆಗೆ ಎರಡು ಸಾಲು ಬರೆದೆ. ಆ ಶಾಟ್ ದೃಶ್ಯದ ಭಾಗವಲ್ಲ, ನಾನು ಕಲಿತ ಪದ್ಧತಿಯ ಪ್ರಕಾರ ಅದನ್ನು ಉಳಿಸುವುದಿಲ್ಲ, ನಾನೇ ಅಳಿಸಿದ್ದೇನೆ, ನಟಿಗೆ ಗೊತ್ತಿಲ್ಲ. ನಮ್ಮವರು ಎದ್ದು ಹೋಗಿ ಕಾಫಿ ಮಾಡಿ ತಂದು ನನ್ನ ಮುಂದಿಟ್ಟರು. ಅವರು ಕಾಫಿ ಮಾಡಿದರೆಂದರೆ ಪರಿಸ್ಥಿತಿ ಗಂಭೀರ ಎಂದೇ ಅರ್ಥ.

ಅಮೆರಿಕದಿಂದ ಬೈಗುಳ ಬರುತ್ತದೆಂದು ಕಾದೆ. ಬರಲಿಲ್ಲ. ವಕೀಲರ ಪತ್ರ ಬರುತ್ತದೆಂದು ಕಾದೆ. ಅದೂ ಬರಲಿಲ್ಲ. ಡಬ್ಲಿನ್ನಿನ ಕಂಪನಿಯವರು ಮಾತ್ರ ಫೋನ್ ಮಾಡಿ, ಕೆಲಸ ಬಹಳ ಚಂದ ಮಾಡಿದಿರಿ, ಆದರೆ ಸದ್ಯಕ್ಕೆ ಬೇರೆ ಏನೂ ಇಲ್ಲ, ಬೆಸ್ಟ್ ಆಫ್ ಲಕ್ ಅಂದರು. ಈ ಊರಿನವರ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕೆಲಸ ಹೋಯಿತೋ, ಮುಂದೆ ಎಂದಾದರೂ ಬರುತ್ತದೋ, ಅದರಲ್ಲಿ ಏನೂ ತಿಳಿಯಲಿಲ್ಲ. ಕಾಲ ಕಳೆದ ಹಾಗೆ ತಾನಾಗಿ ತಿಳಿಯಿತು. ಅವರು ಮತ್ತೆ ಕರೆಯಲಿಲ್ಲ.

ಆ ಸಂಚಿಕೆ ಪ್ರಸಾರವಾದದ್ದು ಹೊಸ ವರ್ಷ ಕಳೆದ ಮೇಲೆ. ನಗು ಇರಲಿಲ್ಲ. ಸತ್ತಳು, ಅತ್ತರು, ಹೂಳಿದರು. ಅಷ್ಟೇ. ಮಾರನೆಯ ದಿನ ನಟಿಯ ಫೋನು, “ಸಾಧ್ಯವಾದ್ರೆ ಹಿತ್ತಿಲ ಕಡೆಯಿಂದ ಬಂದು ಹೋಗು.”

ಬರಿಗೈಯಲ್ಲಿ ಹೇಗೆ ಹೋಗುವುದು? ಏನು ಒಯ್ಯುವುದು ಎಂದೂ ತಿಳಿಯಲಿಲ್ಲ. ಬಿಡುಗಡೆಯಾಗಿದೆ ಎಂದರೆ ಸಿಹಿ ಒಯ್ಯಬೇಕು. ಮೂವತ್ತು ವರ್ಷ ಒಳಗಿದ್ದವಳು ಸತ್ತಿದ್ದಾಳೆ ಎಂದರೆ, ಸೂತಕದ ಮನೆಗೆ ನೆರೆಯವರು ಒಯ್ಯುವ ಹಾಗೆ ಅನ್ನ ಸಾರು ಒಯ್ಯಬೇಕು. ಅಡುಗೆಮನೆಯಲ್ಲಿ ನಿಂತು ಯೋಚಿಸಿ ಯೋಚಿಸಿ, ಎರಡನ್ನೂ ಮಾಡಿದೆ. ಒಂದು ಡಬ್ಬಿಯಲ್ಲಿ ಕೇಸರಿಬಾತು, ಒಂದು ಡಬ್ಬಿಯಲ್ಲಿ ಅನ್ನ, ತಿಳಿಸಾರು. ನೋಡಿಕೊಂಡು ಒಂದನ್ನು ಚೀಲದಿಂದ ತೆಗೆದರಾಯಿತು ಎಂದುಕೊಂಡೆ.

ಹಿತ್ತಿಲ ಗಾಜಿನ ಬಾಗಿಲು ತೆರೆದವರು ಅಕ್ಕ. ನಿಧಾನವಾಗಿ, ಒಂದೊಂದೇ ಪದ ಹೊರಹಾಕಿ, “ಅಳ್ತಿದಾಳೆ. ಬಾ,” ಅಂದರು. ನಾನು ಹೊಸ್ತಿಲಾಚೆ ನಿಂತೆ. ನಟಿ ಒಳಗೆ ಕುರ್ಚಿಯಲ್ಲಿ ಕೂತಿದ್ದರು, ಮುಖ ಊದಿತ್ತು.

“ಅವರು ಫೋನ್ ಮಾಡಿದ್ರು,” ಅಂದರು. “ಸತ್ತವಳಿಗೆ ಒಬ್ಬಳು ಅವಳಿ ತಂಗಿ ಇದಾಳಂತೆ. ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲವಂತೆ.”

ನನಗೆ ನಗು ಬಂತು, ತಡೆದುಕೊಂಡೆ. ಮರುಕ್ಷಣ ಅದರ ಅರ್ಥ ಹೊಳೆಯಿತು. ಕೆಲಸವೂ ಹೋಯಿತು, ಅವರೂ ಉಳಿಯಲಿಲ್ಲವೇ?

“ಹೊಸ ಪಾತ್ರ, ಹೊಸ ಒಪ್ಪಂದ. ಹಳೇದು ಅವಳ ಜೊತೆಗೇ ಹೋಯ್ತು. ಅದಕ್ಕೇ ಈ ಸಲ ಕೇಳಿದ್ರು. ‘ನಿಮಗೆ ಇಷ್ಟ ಇದ್ದರೆ’ ಅಂದ್ರು. ಮೂವತ್ತು ವರ್ಷದಲ್ಲಿ ನನ್ನನ್ನ ಹಾಗೆ ಕೇಳಿದ್ದು ಇದೇ ಮೊದಲು.”

“ಏನಂದ್ರಿ ಮ್ಯಾಮ್?”

“ಬೇಡ ಅಂದೆ. ಸರಿ ಅಂದ್ರು. ಅಷ್ಟೇ. ಎರಡು ನಿಮಿಷ ಆಗಲಿಲ್ಲ.” ಕರ್ಚೀಫಿನಿಂದ ಮೂಗು ಒರೆಸಿಕೊಂಡರು. “ಎಷ್ಟು ಸಲೀಸಾಗಿ ಬಾಯಿಂದ ಬಂತು ಗೊತ್ತಾ ಆ ಮಾತು? ಒಪ್ಪಂದ ಒಪ್ಪಂದ ಅಂತಾನೇ ಅಂದ್ಕೊಂಡಿದ್ದೆ. ಅದನ್ನೂ ಪ್ರತಿ ಸಲ ವಾಪಸ್ ಹೋದಾಗ ಮತ್ತೆ ಸೈನ್ ಮಾಡ್ತಿದ್ದವಳು ನಾನೇ ಅಲ್ವಾ? ಬೇಡ ಅಂತ ನಾನು ಒಂದು ದಿನಾನೂ ಹೇಳಿ ನೋಡಿರಲಿಲ್ಲ.”

ಯಾವ ಡಬ್ಬಿ ತೆಗೆಯಬೇಕೆಂದು ನಾನು ಚೀಲ ಹಿಡಿದು ನಿಂತೇ ಇದ್ದೆ. ಆಗ ಅಕ್ಕ ಬಾಯಿ ತೆರೆದರು. ಆ ಮನೆಗೆ ಹೋಗಲು ಶುರುಮಾಡಿದಾಗಿನಿಂದ ಅವರು ಇಷ್ಟು ಉದ್ದದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ಅವರು ಕೇಳಿದ್ದು... ಇದೇ ಮೊದಲು,” ಅಂದರು. “ನಾನು... ಎರಡು ಸಲ ಕೇಳಿದ್ದೆ. ಇರು ಅಂತ.”

ನಟಿ ಕುರ್ಚಿಯನ್ನು ಎಳೆದುಕೊಂಡು ಅಕ್ಕನ ಪಕ್ಕಕ್ಕೆ ಹೋಗಿ, ಅಲ್ಲಾಡದ ಆ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ನಾನು ಎರಡೂ ಡಬ್ಬಿಗಳನ್ನು ಹೊಸ್ತಿಲೊಳಗೆ ಇಟ್ಟು, ಸದ್ದಾಗದ ಹಾಗೆ ಗಾಜಿನ ಬಾಗಿಲು ಎಳೆದುಕೊಂಡು ಬಂದೆ.